ಚಿತ್ರಗಳ ಅನುಪಾತ ಕೆಡಿಸಿ ಮುದ್ರಿಸಿರುವ ನೆನಪಿನ ಪುಸ್ತಕದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ವಿನ್ಯಾಸ ಮತ್ತು ಮುದ್ರಣ ವಿಭಾಗ

ವಿಷಯ: ಛಾಯಾಚಿತ್ರಗಳನ್ನು ವಿರೂಪಗೊಳಿಸಿ ಮುದ್ರಿಸಿರುವ ಪುಸ್ತಕವನ್ನು ಸರಿಪಡಿಸಿ ಮರುಮುದ್ರಿಸಿಕೊಡುವ ಕುರಿತು.

ಮಾನ್ಯರೇ,

ಗಡಿಯಾರ ರಿಪೇರಿಯನ್ನೇ ಕಸುಬಾಗಿಸಿಕೊಂಡಿದ್ದ ನನ್ನ ತಂದೆಯವರ ನೆನಪಿಗೆಂದು, ಅವರು ಕೆಲಸದಲ್ಲಿ ತೊಡಗಿದ್ದಾಗ ನಾನು ತೆಗೆದ 42 ಛಾಯಾಚಿತ್ರಗಳನ್ನು ಅಡ್ಡ ಎ4 ಅಳತೆಯ ಪುಸ್ತಕವಾಗಿ ವಿನ್ಯಾಸಗೊಳಿಸಿ ಮುದ್ರಿಸುವ ಕೆಲಸವನ್ನು ತಮಗೆ ಒಪ್ಪಿಸಿದ್ದೆ. ಕಾಗದ, ಬಣ್ಣ, ಹೊಲಿಗೆ ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪುಟದ ಜಾಗಕ್ಕೆ ಹೊಂದಿಸುವ ಸಲುವಾಗಿ ಚಿತ್ರಗಳನ್ನೇ ಎಳೆದು, ಒತ್ತಿ ಕೂರಿಸಲಾಗಿದೆ.

14ನೇ ಪುಟದಲ್ಲಿ, 3:2 ಅನುಪಾತದ ಅಡ್ಡ ಚಿತ್ರವೊಂದನ್ನು ಚೌಕದೊಳಗೆ ತುರುಕಿದ್ದರಿಂದ ಅದರಲ್ಲಿರುವ ಗೋಡೆ ಗಡಿಯಾರದ ಮುಖವು 60 ಮಿಲಿಮೀಟರ್ ಅಗಲ, 90 ಮಿಲಿಮೀಟರ್ ಎತ್ತರದ ಮೊಟ್ಟೆಯಾಗಿದೆ. ಅಳತೆಪಟ್ಟಿ ಇಟ್ಟರೆ ಯಾರಿಗಾದರೂ ತಿಳಿಯುತ್ತದೆ. ಮುಳ್ಳುಗಳ ನಡುವಿನ ಕೋನವೂ ಬದಲಾಗಿರುವುದರಿಂದ ಗಡಿಯಾರ ತೋರಿಸುತ್ತಿದ್ದ ಹೊತ್ತೂ ನಂಬುವಂತಿಲ್ಲ. ಕೂದಲೆಳೆಯ ವ್ಯತ್ಯಾಸವನ್ನೂ ಸಹಿಸದಿದ್ದ ಮನುಷ್ಯನ ಪುಸ್ತಕದಲ್ಲಿ ಇದನ್ನು ನೋಡುವುದು ನನಗೆ ಕಷ್ಟವಾಗಿದೆ.

ಪುಟ ತುಂಬುವ ಚಿತ್ರಗಳು ಎತ್ತರದಲ್ಲಿ ಹಿಗ್ಗಿರುವುದು ಶೇಕಡಾ 6 ಮಾತ್ರ, ಅದು ಕಣ್ಣಿಗೆ ಬೀಳುವುದಿಲ್ಲ ಎಂದು ತಮ್ಮ ಸಿಬ್ಬಂದಿ ದೂರವಾಣಿಯಲ್ಲಿ ಹೇಳಿದರು. ಮರವನ್ನೋ ಮೋಡವನ್ನೋ ಅಷ್ಟು ಎಳೆದರೆ ಗೊತ್ತಾಗದಿರಬಹುದು, ಏಕೆಂದರೆ ಅವುಗಳ ನಿಜವಾದ ಆಕಾರ ನೋಡುವವರಿಗೆ ತಿಳಿದಿರುವುದಿಲ್ಲ. ಮುಖದ ವಿಷಯ ಹಾಗಲ್ಲ. ನಾನು ಏನನ್ನೂ ಹೇಳುವ ಮೊದಲೇ ನನ್ನ ತಂಗಿ ಪುಸ್ತಕ ತೆರೆದು, "ಅಪ್ಪ ಯಾಕೆ ಹೀಗೆ ಸೊರಗಿದ ಹಾಗೆ ಕಾಣುತ್ತಾರೆ?" ಎಂದು ಕೇಳಿದಳು.

ಇದು ತಪ್ಪಿಸಲಾಗದ ತೊಂದರೆಯೇನೂ ಆಗಿರಲಿಲ್ಲ. ಎ4 ಹಾಳೆಯ ಅಳತೆ 297 × 210 ಮಿಲಿಮೀಟರ್. ನನ್ನ ಕ್ಯಾಮೆರಾದ 3:2 ಅನುಪಾತದ ಚಿತ್ರವನ್ನು 297 ಮಿಲಿಮೀಟರ್ ಅಗಲಕ್ಕೆ ಇಟ್ಟರೆ ಅದರ ಎತ್ತರ 198 ಮಾತ್ರ ಆಗುತ್ತದೆ. ಉಳಿಯುವ 12 ಮಿಲಿಮೀಟರನ್ನು ಮೇಲೆ ಕೆಳಗೆ ಬಿಳಿ ಅಂಚಾಗಿ ಬಿಡಬಹುದಿತ್ತು, ಇಲ್ಲವೇ ಚಿತ್ರವನ್ನು 315 × 210ಕ್ಕೆ ಹಿಗ್ಗಿಸಿ ಎರಡೂ ಬದಿಯಲ್ಲಿ 9 ಮಿಲಿಮೀಟರ್ ಕತ್ತರಿಸಬಹುದಿತ್ತು. ಕಡತಗಳು 6000 × 4000 ಪಿಕ್ಸೆಲ್‌ಗಳವು. ಆ ಅಳತೆಯಲ್ಲಿಯೂ ಇಂಚಿಗೆ 480ಕ್ಕಿಂತ ಹೆಚ್ಚು ಪಿಕ್ಸೆಲ್ ಸಿಗುವುದರಿಂದ, ಮುದ್ರಣಕ್ಕೆ ಸಾಮಾನ್ಯವಾಗಿ ಕೇಳುವ 300ಕ್ಕೆ ಯಾವ ಕೊರತೆಯೂ ಆಗುತ್ತಿರಲಿಲ್ಲ. ಬೇಕಾಗಿದ್ದದ್ದು ಉದ್ದಗಲವನ್ನು ಒಂದಕ್ಕೊಂದು ಬಂಧಿಸಿಡುವ ಆಯ್ಕೆಯೊಂದೇ, ಅದು ಪ್ರತಿಯೊಂದು ವಿನ್ಯಾಸ ತಂತ್ರಾಂಶದಲ್ಲಿಯೂ ಇದೆ. ಕತ್ತರಿಸುವಾಗ ಏನನ್ನು ಬಿಡಬೇಕೆಂದು ಯೋಚಿಸಬೇಕಾಗುತ್ತದೆ, ನಿಜ. ಆ ಯೋಚನೆಗಾಗಿಯೇ ನಾನು ವಿನ್ಯಾಸಕಾರರ ಬಳಿಗೆ ಬಂದದ್ದು.

ಆದ್ದರಿಂದ ಎಲ್ಲಾ 42 ಚಿತ್ರಗಳನ್ನು ಮೂಲ ಅನುಪಾತದಲ್ಲಿಯೇ ಮತ್ತೆ ಜೋಡಿಸಿ, ಹೆಚ್ಚುವರಿ ಹಣ ಕೇಳದೆ ಪುಸ್ತಕವನ್ನು ಮರುಮುದ್ರಿಸಿಕೊಡಬೇಕು. ಅದಕ್ಕೂ ಮುನ್ನ ಪ್ರತಿ ಪುಟದ ಪ್ರೂಫ್ (ಪರಿಶೀಲನೆಯ ಮಾದರಿ ಪ್ರತಿ) ನನಗೆ ಕಳುಹಿಸಬೇಕು. 14ನೇ ಪುಟದ ಚಿತ್ರವನ್ನು ಚೌಕವಾಗಿಸಲು ಕತ್ತರಿಸಿದರೆ ಅದರ ಮೂರನೇ ಒಂದು ಭಾಗ ಹೋಗುತ್ತದೆ, ಜೊತೆಗೆ ಬಲಬದಿಯಲ್ಲಿರುವ ತಂದೆಯವರ ಕೈಯೂ ಹೋಗುತ್ತದೆ. ಆ ಒಂದು ಚಿತ್ರವನ್ನು ಕತ್ತರಿಸದೆ, ಪೂರ್ಣವಾಗಿ ಅಡ್ಡಲಾಗಿಯೇ ಮುದ್ರಿಸಬೇಕು. ಇದು ಆಗದಿದ್ದಲ್ಲಿ ನಾನು ಪಾವತಿಸಿದ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಅಳತೆ ಗುರುತಿಸಿದ ಪುಟಗಳ ಪ್ರತಿಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪುಸ್ತಕದ ಗ್ರಾಹಕ