ನೆತ್ತಿಗೆ ಮದ್ದು ಹಚ್ಚುವ ಮುನ್ನ

ಜಯನಗರ, ಬೆಂಗಳೂರು

ಚಿ. ಸುಹಾಸನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ, ಕೂದಲು ಉದುರುವುದಕ್ಕೆ ಮಿನಾಕ್ಸಿಡಿಲ್ ಹಚ್ಚಲೇ ಎಂದು ಕೇಳಿದ್ದನ್ನೂ ಓದಿದೆ. ಸುಳಿಯ ಸುತ್ತ ಚರ್ಮ ಕಾಣತೊಡಗಿದೆ, ಹಣೆಯ ಎರಡೂ ಮೂಲೆ ಹಿಂದೆ ಸರಿದಿವೆ. ಇದು ವಂಶದಿಂದ ಬಂದದ್ದೇ ಅನ್ನಿಸುತ್ತದೆ. ಬೋರ್‌ವೆಲ್ ನೀರನ್ನೂ ಹೆಲ್ಮೆಟ್ಟನ್ನೂ ಬೈದು ಪ್ರಯೋಜನವಿಲ್ಲ. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ತುಂಡಾಗುತ್ತದೆ, ಅಷ್ಟೆ. ನೆತ್ತಿಯ ಕೂದಲ ಬುಡಗಳು ಡಿಎಚ್‌ಟಿ ಎಂಬ ಹಾರ್ಮೋನಿಗೆ ಸೊರಗುತ್ತವೆ, ಹಿಂದಲೆಯವು ಸೊರಗುವುದಿಲ್ಲ. ಆದರೂ ಒಮ್ಮೆ ಚರ್ಮವೈದ್ಯರಿಗೆ ತೋರಿಸು. ನಾಣ್ಯದಗಲ ಗುಂಡಗೆ ಉದುರಿದರೆ, ಅಥವಾ ಡೆಂಗ್ಯೂ, ಟೈಫಾಯ್ಡ್ ಬಂದು ಹೋದ ಎರಡು ಮೂರು ತಿಂಗಳಿಗೆ ತಲೆಯೆಲ್ಲ ಉದುರಿದರೆ ಅದಕ್ಕೆ ಚಿಕಿತ್ಸೆಯೇ ಬೇರೆ.

ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು. ನುಂಗಿದವರಿಗೆ ಮೈಮೇಲೆ ಕೂದಲು ಬೆಳೆದದ್ದು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅದು ಡಿಎಚ್‌ಟಿಯನ್ನು ತಡೆಯುವುದಿಲ್ಲ, ಕೂದಲು ಬೆಳೆಯುವ ಅವಧಿಯನ್ನು ಹಿಗ್ಗಿಸುತ್ತದೆ. ಹಾಗಾಗಿ ಹಚ್ಚುವಷ್ಟು ದಿನವೇ ಫಲ. ಬಿಟ್ಟರೆ ಬಂದದ್ದೆಲ್ಲ ಮೂರು ನಾಲ್ಕು ತಿಂಗಳಲ್ಲಿ ಹೋಗುತ್ತದೆ. ಎರಡು ತಿಂಗಳು ಹಚ್ಚಿ ನೋಡೋಣ ಎನ್ನುವುದಾದರೆ ಶುರುವೇ ಮಾಡಬೇಡ. ನೆತ್ತಿಗೆ ಚೆನ್ನಾಗಿ ಹಿಡಿಯುತ್ತದೆ, ಹಣೆಯ ಮೂಲೆಗೆ ಅಷ್ಟಾಗಿ ಇಲ್ಲ. ನುಣ್ಣಗಾದ ಜಾಗದಲ್ಲಿ ಹೊಸದಾಗಿ ಹುಟ್ಟಿಸುವ ಶಕ್ತಿ ಅದಕ್ಕಿಲ್ಲ.

ಗಂಡಸರಿಗೆ 5% ದ್ರಾವಣ, ಬೆಳಿಗ್ಗೆ 1 ಮಿ.ಲೀ., ರಾತ್ರಿ 1 ಮಿ.ಲೀ. 60 ಮಿ.ಲೀ. ಬಾಟಲಿ 30 ದಿನಕ್ಕೆ ಮುಗಿಯಬೇಕು. ಎರಡು ತಿಂಗಳು ಬಂತೆಂದರೆ ನೀನು ಹಚ್ಚುತ್ತಿರುವುದು ಅರ್ಧ ಪಾಲು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಪಾಲು ಸುರಿಯಬೇಡ.

ಹೆಚ್ಚಿನವರು ಎಡವುವುದು ಹಚ್ಚುವ ರೀತಿಯಲ್ಲಿ. ಕೂದಲೆಲ್ಲ ಒದ್ದೆಯಾಗಿ ಮಿರಿಮಿರಿ ಮಿಂಚಿದರೆ ಮದ್ದು ಕೂದಲಿಗೆ ಹೋಯಿತು, ಬುಡಕ್ಕಲ್ಲ. ತಲೆ ಪೂರ್ತಿ ಒಣಗಿರಲಿ, ಎಣ್ಣೆ ಇರಬಾರದು. ಬಾಚಣಿಗೆಯ ತುದಿಯಿಂದ ನೆತ್ತಿಯ ಮೇಲೆ ಬೈತಲೆ ತೆಗೆ, ಡ್ರಾಪರಿನ ಮೂತಿಯನ್ನು ಚರ್ಮದ ಹತ್ತಿರ ಹಿಡಿದು ಆ ಗೆರೆಯುದ್ದಕ್ಕೂ ನಾಲ್ಕೈದು ಹನಿ ಬಿಡು, ಬೆರಳಿಂದ ಮೆಲ್ಲಗೆ ಸವರು. ಬೆರಳಗಲ ಪಕ್ಕಕ್ಕೆ ಇನ್ನೊಂದು ಬೈತಲೆ. 1 ಮಿ.ಲೀ. ಮುಗಿಯುವವರೆಗೂ ಹೀಗೆಯೇ. ಹಣೆಗೆ ಇಳಿದದ್ದನ್ನು ತಕ್ಷಣ ಒರೆಸಿ, ಸೋಪು ಹಾಕಿ ಕೈ ತೊಳೆ. ನಾಲ್ಕು ಗಂಟೆ ತಲೆಗೆ ನೀರು ಬೇಡ, ಒಣಗುವ ಮುಂಚೆ ಹೆಲ್ಮೆಟ್ ಬೇಡ. ರಾತ್ರಿಯದನ್ನು ಮಲಗುವುದಕ್ಕೆ ಎರಡು ಗಂಟೆ ಮೊದಲೇ ಹಚ್ಚಿಬಿಡು, ಇಲ್ಲದಿದ್ದರೆ ದಿಂಬಿಗೆ ಅಂಟಿ, ದಿಂಬಿನಿಂದ ಮುಖಕ್ಕೆ ಬಂದು ಅಲ್ಲಿ ಕೂದಲು ಹುಟ್ಟೀತು.

ಎರಡನೇ ವಾರದಿಂದ ಎಂಟನೇ ವಾರದೊಳಗೆ ಉದುರುವುದು ಹೆಚ್ಚಾಗಬಹುದು. ಹಳೇ ಕೂದಲನ್ನು ಹೊಸದು ತಳ್ಳುತ್ತಿರುತ್ತದೆ. ಹೆದರಿ ಬಾಟಲಿ ಎಸೆಯುವವರು ಬಹಳ ಮಂದಿ. ಸುಹಾಸಾ, ಆಗ ದಯವಿಟ್ಟು ತಾಳ್ಮೆ ತಂದುಕೋ. ನಾಲ್ಕು ತಿಂಗಳಿಗೆ ಮುಂಚೆ ಏನೂ ಗೊತ್ತಾಗದು, ಪೂರ್ತಿ ಲೆಕ್ಕ ವರ್ಷಕ್ಕೆ. ತಿಂಗಳಿಗೊಮ್ಮೆ ಅದೇ ಬೆಳಕಲ್ಲಿ, ಅದೇ ಕೋನದಲ್ಲಿ ಫೋಟೊ ತೆಗೆದಿಡು.

ತುರಿಕೆ ಬಂದು ಚರ್ಮ ಹೊಟ್ಟಿನಂತೆ ಉದುರಿದರೆ ಹೆಚ್ಚಾಗಿ ಅದಕ್ಕೆ ಕಾರಣ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವ. ಇದೇ ಮದ್ದು ನೊರೆಯಾಗಿ ಸಿಗುವ ಫೋಮ್‌ನಲ್ಲಿ ಅದಿಲ್ಲ, ವೈದ್ಯರನ್ನು ಕೇಳಿ ಬದಲಾಯಿಸು. ಎದೆ ಡವಡವ, ತಲೆಸುತ್ತು, ಎದೆನೋವು, ಪಾದ ಊದುವುದು, ಇದರಲ್ಲಿ ಯಾವುದಾದರೂ ಕಂಡರೆ ಅಂದೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು. ಗಾಯವಾದ, ಸುಲಿದ ಚರ್ಮಕ್ಕೆ ಹಚ್ಚಬೇಡ, ರಕ್ತಕ್ಕೆ ಹೆಚ್ಚು ಸೇರುತ್ತದೆ. 10% ಎಂದು ಮಾರುವುದನ್ನು ನಿನ್ನಷ್ಟಕ್ಕೆ ತರಬೇಡ.

ಫಿನಾಸ್ಟರೈಡ್ ಎಂಬ ಇನ್ನೊಂದು ಮದ್ದು ಬೆರೆಸಿದ ಲೋಷನ್ ಡಿಎಚ್‌ಟಿಯನ್ನೇ ತಗ್ಗಿಸುತ್ತದೆ. ಹಚ್ಚಿದರೂ ಸ್ವಲ್ಪ ರಕ್ತಕ್ಕೆ ಸೇರುವುದರಿಂದ ಕಾಮಾಸಕ್ತಿ ಕುಂದುವಂಥ ತೊಂದರೆ ಕೆಲವರಿಗೆ ಆಗಬಹುದು. ವೈದ್ಯರ ಚೀಟಿಯಿಲ್ಲದೆ ಅದು ಬೇಡ. ನಿನ್ನ ಅತ್ತಿಗೆ ಈಗ ಬಸುರಿ, ಅವಳು ಅದನ್ನು ಮುಟ್ಟಲೇಬಾರದು. ಹೊಟ್ಟೆಯಲ್ಲಿರುವುದು ಗಂಡುಮಗುವಾದರೆ ಅದರ ಬೆಳವಣಿಗೆಗೆ ತೊಂದರೆ.

ನಿಮ್ಮ ಮನೆಯ ಬೆಕ್ಕು ನಿನ್ನ ದಿಂಬಿನ ಮೇಲೆಯೇ ಮಲಗುತ್ತದಲ್ಲ, ಇನ್ನು ಮೇಲೆ ಬಿಟ್ಟುಕೊಳ್ಳಬೇಡ. ಮಿನಾಕ್ಸಿಡಿಲ್ ಬೆಕ್ಕಿಗೆ ವಿಷ, ಚೂರು ನೆಕ್ಕಿದರೂ ಜೀವಕ್ಕೆ ಅಪಾಯ. ಬಾಟಲಿ ಬೀರುವಿನಲ್ಲಿರಲಿ, ಚೆಲ್ಲಿದ್ದನ್ನು ಕೂಡಲೇ ಒರೆಸು, ಒರೆಸಿದ ಬಟ್ಟೆಯನ್ನೂ ಅದಕ್ಕೆ ಸಿಗದಂತೆ ಎಸೆ.

ಇಂತಿ,
ನಿನ್ನ ಚಿಕ್ಕಪ್ಪ