ಆ ಹುಡುಗ ಸುಳ್ಳು ಹೇಳಲಿ ಬಿಡು

ಪ್ರೀತಿಯ ಗೆಳೆಯಾ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಜೊತೆಗಿಟ್ಟ ಚೀಟಿಯಲ್ಲಿ “ಸುಟ್ಟುಬಿಡ್ಲಾ ಸರ್?” ಅಂತ ಕೇಳಿದ್ದೀಯ. ಓದಿ ಬೇಜಾರಾಯಿತು. ಸುಡಬೇಡ. ಕಾಗುಣಿತ, ಅಧ್ಯಾಯಗಳ ಉದ್ದ, ಪ್ರಕಾಶಕರು, ಅವೆಲ್ಲ ಆಮೇಲೆ. ನಾನು ಹೇಳಬೇಕಾಗಿರುವುದು ಒಂದೇ. ನಿನ್ನ ನಾಯಕ ಜಾಸ್ತಿ ಒಳ್ಳೆಯವನಾಗಿಬಿಟ್ಟಿದ್ದಾನೆ.

ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯ ಹದಿನಾರರ ಹುಡುಗ. 1915ರಲ್ಲಿ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ, ವಲಸೆ ಬಂದವರನ್ನು ತಡೆದು ವಿಚಾರಿಸುವ ಠಾಣೆಯಲ್ಲಿ, ಕೂಡಿಹಾಕಿದ್ದಾರೆ. ಕೇಳಿದ್ದಕ್ಕೆಲ್ಲ ನಿಜ ಹೇಳುತ್ತಾನೆ, ಅಳುತ್ತಾನೆ, ಕೊನೆಗೆ ಒಳಗೆ ಬಿಡುತ್ತಾರೆ. ಹೇಗಪ್ಪಾ ಬಿಡ್ತಾರೆ? ಚೀನೀ ಕೂಲಿಗಾರರಿಗೆ ಅಮೆರಿಕ 1882ರಲ್ಲೇ ಬಾಗಿಲು ಹಾಕಿತ್ತು. ವ್ಯಾಪಾರಿ, ಮೇಷ್ಟ್ರು, ವಿದ್ಯಾರ್ಥಿ ಅಂಥವರಿಗಷ್ಟೇ ವಿನಾಯಿತಿ. 1888ರಲ್ಲಿ, ಊರಿಗೆ ಹೋಗಿದ್ದ ಕೂಲಿಗಾರರ ವಾಪಸಾತಿ ಚೀಟಿಗಳನ್ನೂ ರದ್ದು ಮಾಡಿದರು. ಸುಮಾರು 20,000 ಜನ ಹೊರಗೇ ಉಳಿದರು. ಕೆಲವರು ಆಗಲೇ ಹಡಗಿನಲ್ಲಿದ್ದರು. ಬಡ ರೈತನ ಮಗ ನಿಜ ಹೇಳಿದರೆ ಬಂದ ದಾರಿಗೇ ವಾಪಸ್ಸು. ಅವನು ಸುಳ್ಳು ಹೇಳಲೇಬೇಕು.

ಆ ಸುಳ್ಳು ಎಂಥ ಕಷ್ಟದ್ದು ಗೊತ್ತಾ? 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. ನಾವು ಇಲ್ಲೇ ಹುಟ್ಟಿದವರು ಅಂತ ಅನೇಕ ಚೀನೀಯರು ಬರೆಸಿದರು. ಅಲ್ಲ ಅನ್ನಲು ಕಾಗದ ಎಲ್ಲಿದೆ? ಅಲ್ಲಿ ಹುಟ್ಟಿದವರು ಅಲ್ಲಿನ ನಾಗರಿಕರು, ನಾಗರಿಕರ ಮಕ್ಕಳು ಬರಬಹುದಿತ್ತು. ಚೀನಾಕ್ಕೆ ಹೋಗಿಬಂದಾಗ ಗಂಡು ಮಗು ಹುಟ್ಟಿತು ಅಂತ ಬರೆಸುವುದು, ಆ ಮಗನ ಜಾಗವನ್ನು ಬೇರೆಯವರ ಹುಡುಗನಿಗೆ ಮಾರುವುದು. ಕಾಗದದ ಮಕ್ಕಳು ಅಂದರೆ ಇವರೇ. ಹುಡುಗ ಹಡಗಿನಲ್ಲಿ ಕೂತು, ಪ್ರಶ್ನೆ ಉತ್ತರ ಬರೆದುಕೊಟ್ಟ ಪುಸ್ತಕ ಹಿಡಿದು ಬಾಯಿಪಾಠ ಮಾಡುತ್ತಾನೆ. ಅಜ್ಜಿಯ ಹೆಸರೇನು, ಮನೆಗೆ ಮೆಟ್ಟಿಲು ಎಷ್ಟು, ಅಕ್ಕಿ ಡಬ್ಬ ಯಾವ ಮೂಲೆಯಲ್ಲಿ, ಬಾವಿ ಎಷ್ಟು ದೂರ. ದಡ ಮುಟ್ಟುವ ಮೊದಲು ಆ ಪುಸ್ತಕ ಸಮುದ್ರಕ್ಕೆ. ‘ಅಪ್ಪ’ನನ್ನು ಬೇರೆ ಕೂರಿಸಿ ಅವೇ ಪ್ರಶ್ನೆ ಕೇಳುತ್ತಿದ್ದರು. ನಿಜವಾದ ಅಪ್ಪ ಮಗನೂ ಎಡವಿದ್ದುಂಟು.

ಇಷ್ಟೆಲ್ಲ ಕೈಯಲ್ಲಿರುವಾಗ ನೀನು ಪುಟಗಟ್ಟಲೆ ಕಣ್ಣೀರು ಹರಿಸಿದ್ದೀಯಲ್ಲ!

ಹಿಂದೆ ಒಬ್ಬ ಸಂಪಾದಕರು ನನ್ನ ಕತೆಯೊಂದರಲ್ಲಿ ಮನೆಕೆಲಸದವಳು ಸಕ್ಕರೆ ಕದಿಯುವ ಸಾಲನ್ನು ತೆಗೆದುಹಾಕಿದರು. ಓದುಗರಿಗೆ ಅವಳ ಮೇಲೆ ಕನಿಕರ ಉಳಿಯಲ್ಲ ಅಂದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬಡವರು ದೇವರಂತಿದ್ದರೆ ಮಾತ್ರ ಅವರ ಪರ ನಿಲ್ಲುತ್ತೇವೆ ಅನ್ನುವುದು ಯಾವ ನ್ಯಾಯ? ನಿನ್ನ ಹುಡುಗನನ್ನು ತೊಳೆದು ಚೊಕ್ಕ ಮಾಡಿದಷ್ಟೂ ಆ ಕಾನೂನು ಹಗುರಾಗುತ್ತೆ. ಮಕ್ಕಳ ಕೈಲಿ ಸುಳ್ಳು ಹೇಳಿಸಿದ್ದು ಅದೇ ಅಲ್ವಾ?

ಆ ದ್ವೀಪದ ಮರದ ಗೋಡೆಗಳ ಮೇಲೆ ಬಂದಿಗಳು ಕವಿತೆ ಕೆತ್ತಿದ್ದರು. ಅಧಿಕಾರಿಗಳು ಬಣ್ಣ ಬಳಿಸಿದರು. 1970ರಲ್ಲಿ, ಕಟ್ಟಡ ಕೆಡವಬೇಕೆಂದಿದ್ದಾಗ, ಪಾರ್ಕ್‌ನ ಕಾವಲುಗಾರರೊಬ್ಬರು ಅವನ್ನು ಗಮನಿಸಿದರು. ಓದಿ ನೋಡು. ದುಃಖ ಇದೆ, ಸೇಡು ತೀರಿಸಿಕೊಳ್ಳುತ್ತೇವೆ ಅನ್ನುವ ರೋಷವೂ ಇದೆ. ನಿನ್ನವನಿಗೆ ಒಂದು ಸಲವೂ ಸಿಟ್ಟು ಬರುವುದಿಲ್ಲ.

ಇನ್ನು ಆ ಮಂಗಳೂರಿನ ಅಡುಗೆಯವನು. ನಮ್ಮವರಿಗೆ ಹತ್ತಿರವಾಗಲಿ ಅಂತ ಸುಮ್ನೆ ತುರುಕಿದ್ದೀಯ. ತೆಗೆದುಬಿಡು. ಭಾರತದವರಿಗೂ ಬಾಗಿಲು ಹಾಕಿದ 1917ರ ಕಾನೂನಿನ ಬಗ್ಗೆ ಬರೆಯಬೇಕಾದರೆ ಬೇರೆ ಪುಸ್ತಕ ಬರಿ.

ಬಂಕಿನ ಮೇಲೆ ಮಲಗಿ ಪಕ್ಕದವನ ಉಸಿರು ಎಣಿಸುವ ಪುಟ ಮಾತ್ರ ಎರಡು ಸಲ ಓದಿದೆ. ಅದನ್ನು ಬರೆದವನಿಗೆ ಉಳಿದದ್ದೂ ಸಾಧ್ಯ. ಅದಕ್ಕೇ ಇಷ್ಟು ರೇಗುತ್ತಿದ್ದೇನೆ.

ಅವನು ದಡ ಇಳಿದ ಕೂಡಲೇ ಕಾದಂಬರಿ ಮುಗಿಸಬೇಡ. 1943ರಲ್ಲಿ ನಿಷೇಧ ಹೋಯಿತು, ವರ್ಷಕ್ಕೆ 105 ಜನರಿಗೆ ಅವಕಾಶ ಸಿಕ್ಕಿತು. 1956ರಲ್ಲಿ ಸರ್ಕಾರ ಬಂದು, ಸುಳ್ಳು ಹೆಸರಲ್ಲಿ ಬಂದಿದ್ದರೆ ಒಪ್ಪಿಕೊಳ್ಳಿ ಅಂದಿತು. ಒಬ್ಬ ಬಾಯಿಬಿಟ್ಟರೆ ಕಾಗದದ ನೆಂಟರೆಲ್ಲ ಬಯಲಾಗುತ್ತಿದ್ದರು. ಆಗ ಅವನಿಗೆ 57 ವರ್ಷ. ಮನೆತನದ ಹೆಸರು ಕೊಂಡು ತಂದದ್ದು ಅಂತ ಮಕ್ಕಳಿಗೆ ಗೊತ್ತಾ? ಹೆಂಡತಿಗೆ ಹೇಳಿದ್ದಾನಾ? ಆ ಅಧ್ಯಾಯ ಬರೆದು ಕಳಿಸು. ದೀಪಾವಳಿಯೊಳಗೆ ಆದರೆ ಒಳ್ಳೆಯದು, ಆಮೇಲೆ ನನಗೆ ಕಣ್ಣಿನ ಆಪರೇಷನ್ ಇದೆ.