ಟಿಕೆಟ್ ಗುಮಾಸ್ತನ ಕೆಲಸವೂ ಈಗ ನಿನ್ನದೇ

ಪ್ರಿಯ ಗೆಳೆಯಾ,

ಹೆಂಡತಿ ಮಕ್ಕಳ ಜೊತೆ ಹೊರದೇಶಕ್ಕೆ ಹೊರಡುತ್ತೇನೆ, ಈಗ ಎಲ್ಲ ಫೋನಲ್ಲೇ ಆಗುತ್ತಲ್ಲ ಎಂದು ಬರೆದಿದ್ದೀಯ. ಆಗುತ್ತದೆ. ಆದರೆ ಹಿಂದೆ ಏಜೆಂಟ್, ಬ್ಯಾಂಕಿನ ಗುಮಾಸ್ತ, ವಿಮಾನ ಸಂಸ್ಥೆಯ ಕೌಂಟರಿನವರು ಹಂಚಿಕೊಂಡು ಮಾಡುತ್ತಿದ್ದ ಕೆಲಸವೂ ಆ ಫೋನಿನ ಜೊತೆಗೇ ನಿನ್ನ ಕೈಗೆ ಬಂದಿದೆ. ಟಿಕೆಟ್ ದರ ಇಳಿದದ್ದೂ ಒಂದು ಮಟ್ಟಿಗೆ ಅದರಿಂದಲೇ.

ಸಂಸಾರ ಸಮೇತ ಪ್ರವಾಸಕ್ಕೆ ಮೊದಲು ಬೇಕಾದದ್ದು ಸಂಬಳ ಕಡಿತವಿಲ್ಲದ ರಜೆ. 1936ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದ ವರ್ಷ ದುಡಿದವನಿಗೆ ಕನಿಷ್ಠ 6 ಕೆಲಸದ ದಿನಗಳ ರಜೆ ಎಂದಿತು. ಆರು ದಿನದಲ್ಲಿ ಹಡಗು ಹತ್ತಿ ಎಲ್ಲಿಗೆ ಹೋಗಿ ಬರುವುದು? 1950ರಲ್ಲಿ ವ್ಲಾಡಿಮಿರ್ ರೈಟ್ಜ್ ಎಂಬ ಪ್ರವಾಸ ವ್ಯಾಪಾರಿ ಇಂಗ್ಲೆಂಡಿನಿಂದ ಕಾರ್ಸಿಕಾ ದ್ವೀಪಕ್ಕೆ ವಿಮಾನ ಬಾಡಿಗೆ ಹಿಡಿದು, ಪಯಣ, ಡೇರೆ, ಊಟ ಎಲ್ಲವನ್ನೂ ಒಂದೇ ದರಕ್ಕೆ ಮಾರಿದ. ಪ್ರತಿ ಸೀಟೂ ತುಂಬಿದರೆ ತಲೆಗೆ ಬೀಳುವ ಖರ್ಚು ಇಳಿಯುತ್ತದೆ ಎಂಬ ಲೆಕ್ಕ ಅದು. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ಸೇವೆ, 1970ರಲ್ಲಿ 747 ಎಂಬ ಭಾರಿ ವಿಮಾನ ಬಂದು ಅದೇ ಲೆಕ್ಕವನ್ನು ದೊಡ್ಡದು ಮಾಡಿದವು. ಆಮೇಲೆ ಬಂದ ಅಗ್ಗದ ವಿಮಾನಗಳು ಆ ಕಟ್ಟನ್ನೇ ಬಿಚ್ಚಿ ಸೀಟು, ಬ್ಯಾಗು, ಊಟ ಬೇರೆ ಬೇರೆಯಾಗಿ ಮಾರತೊಡಗಿದವು.

ಹಳೆಯ ಟಿಕೆಟ್ಟು ಚಿಕ್ಕ ಪುಸ್ತಕದ ಹಾಗಿರುತ್ತಿತ್ತು. ಒಂದೊಂದು ಹಾರಾಟಕ್ಕೆ ಒಂದೊಂದು ಕೂಪನ್, ಹಿಂದೆ ಕೆಂಪು ಕಾರ್ಬನ್. ಕಳೆದರೆ ಹೊಸದು ಕೊಂಡು, ಮುಚ್ಚಳಿಕೆ ಬರೆದುಕೊಟ್ಟು, ಹಳೆಯದರ ಹಣಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಮರಳುವ ಸೀಟನ್ನು 72 ಗಂಟೆ ಮೊದಲು ಖಚಿತಪಡಿಸದಿದ್ದರೆ ಅದು ಬೇರೆಯವರ ಪಾಲಾಗಬಹುದಿತ್ತು. 2008ರ ಜೂನ್ 1ರಿಂದ ವಿಮಾನ ಸಂಸ್ಥೆಗಳ ಒಕ್ಕೂಟ ಐಯಾಟಾ ಪೂರ್ತಿ ಇ-ಟಿಕೆಟ್‌ಗೆ ಬದಲಾಯಿತು, ಟಿಕೆಟ್ ಕಳೆಯುವ ಭಯ ಹೋಯಿತು. ದುಡ್ಡಿಗೆ ಆಗ ಇದ್ದದ್ದು ಟ್ರಾವೆಲರ್ಸ್ ಚೆಕ್, ಮೊದಲೇ ಹಣ ಕೊಟ್ಟು ಕೊಳ್ಳುವ ಚೆಕ್: ಕೊಳ್ಳುವಾಗ ಒಂದು ಸಹಿ, ನಗದು ಮಾಡುವಾಗ ಕೌಂಟರಿನವರ ಕಣ್ಣೆದುರು ಇನ್ನೊಂದು, ಸಂಖ್ಯೆಗಳ ಪಟ್ಟಿ ಬೇರೆ ಚೀಲದಲ್ಲಿ. ಈಗ ಕಾರ್ಡ್ ಉಜ್ಜಿದಾಗ ಯಂತ್ರ "ನಿಮ್ಮ ದೇಶದ ಕರೆನ್ಸಿಯಲ್ಲಿ ಕೊಡುತ್ತೀರಾ" ಎಂದು ಕೇಳುತ್ತದೆ. ಬೇಡ ಎನ್ನು. ಆ ದರ ಅಂಗಡಿಯ ಕಡೆಯವರು ಕಟ್ಟಿದ್ದು, ಸಾಮಾನ್ಯವಾಗಿ ನಿನ್ನ ಬ್ಯಾಂಕಿನದ್ದಕ್ಕಿಂತ ದುಬಾರಿ.

ಮನೆಯ ಸುದ್ದಿಗೆ ಪೋಸ್ಟ್ ರೆಸ್ಟಾಂಟ್ ಇತ್ತು: ಹೆಸರು ಬರೆದು ಆ ಊರಿನ ಮುಖ್ಯ ಅಂಚೆ ಕಚೇರಿಗೆ ಕಾಗದ ಹಾಕುವುದು, ಹೋದವರು ಪಾಸ್‌ಪೋರ್ಟ್ ತೋರಿಸಿ ತೆಗೆದುಕೊಳ್ಳುವುದು. ಕಾಗದ ಸಿಗದಿದ್ದರೆ ಕುಲನಾಮದ ಗೂಡಿನಲ್ಲಷ್ಟೇ ಅಲ್ಲ, ಸ್ವಂತ ಹೆಸರಿನ ಗೂಡಿನಲ್ಲೂ ಹುಡುಕಿಸಬೇಕಿತ್ತು.

ಹೆಸರಿನ ಆ ಪೇಚು ಇನ್ನೂ ಜೀವಂತ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿವೆಯಲ್ಲ, ಒಂದೊಂದರಲ್ಲೂ 44 ಅಕ್ಷರ, ಹೆಸರಿಗೆ ಸಿಗುವುದು 39. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನದ್ದಕ್ಕೆ ತಾಳೆಯಾಗಬೇಕು. ಮನೆಯಲ್ಲಿ ಕರೆಯುವ ಹೆಸರು, ಮೊಟಕು ಮಾಡಿದ ಹೆಸರು ಯಾವುದೂ ಬೇಡ. ಕುಲನಾಮದ ಜಾಗ ಖಾಲಿ ಇದ್ದರೆ ಏನು ತುಂಬಬೇಕೆಂಬುದಕ್ಕೆ ಒಂದೊಂದು ವಿಮಾನ ಸಂಸ್ಥೆಯದು ಒಂದೊಂದು ನಿಯಮ. ಕೊಳ್ಳುವ ಮುಂಚೆ ಕೇಳು, ಎರಡು ಸಂಸ್ಥೆಗಳ ಪಯಣವಾದರೆ ಇಬ್ಬರನ್ನೂ ಕೇಳು. ಪಾಸ್‌ಪೋರ್ಟ್ ಸಂಖ್ಯೆಯನ್ನು ಮೇಲೆ ಮುದ್ರಿಸಿದ ಜಾಗದಿಂದಲೇ ಬರೆದುಕೋ. ಕೆಳಗಿನ ಸಾಲಿನಲ್ಲಿ ಸಂಖ್ಯೆಯ ಬಳಿ ತಪಾಸಣೆಯ ಒಂದು ಅಂಕಿ ಹೆಚ್ಚಿಗೆ ಇರುತ್ತದೆ, ಅದನ್ನೂ ಸೇರಿಸಿಬಿಡುವವರಿದ್ದಾರೆ.

ಮಕ್ಕಳ ವಿಷಯ ಪೂರ್ತಿ ಬದಲಾಗಿದೆ. ಹಿಂದೆ ಅನೇಕ ದೇಶಗಳಲ್ಲಿ ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲಿ ಮಗುವಿನ ಹೆಸರು ಸೇರಿಸಿದರೆ ಸಾಕಿತ್ತು. ಈಗ ತಲೆಗೊಂದು ಪುಸ್ತಕ. ಮಕ್ಕಳದ್ದಕ್ಕೆ ಅನೇಕ ಕಡೆ 5 ವರ್ಷವಷ್ಟೇ ಆಯಸ್ಸು, ದೊಡ್ಡವರದ್ದು 10. ಹಲವು ದೇಶಗಳು 6 ತಿಂಗಳ ಬಾಕಿ ಅವಧಿ ಕೇಳುತ್ತವೆ. ತಮ್ಮ ನಡುವಿನ ಗಡಿ ತಪಾಸಣೆ ಕೈಬಿಟ್ಟ ಯೂರೋಪಿನ ಷೆಂಗೆನ್ ದೇಶಗಳಿಗೆ ಹೋಗುವುದಾದರೆ, ಅಲ್ಲಿಂದ ಮರಳಿ ಹೊರಡುವ ದಿನದಿಂದ 3 ತಿಂಗಳು ಬಾಕಿ ಇರಬೇಕು, ಪುಸ್ತಕ ಹಿಂದಿನ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಹಾಗಾಗಿ ಕಿರಿಯರ ಪಾಸ್‌ಪೋರ್ಟನ್ನೇ ಮೊದಲು ತೆರೆದು ನೋಡು. ತಂದೆ ತಾಯಿಯಲ್ಲಿ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಕೆಲವು ಗಡಿಗಳಲ್ಲಿ ಕೇಳುತ್ತಾರೆ. 2 ವರ್ಷದೊಳಗಿನ ಮಗು ಮಡಿಲಲ್ಲಿ ಹೋಗಬಹುದು. ಪ್ರವಾಸದ ನಡುವೆ 2 ತುಂಬಿತೋ, ಮರಳುವಾಗ ಸೀಟು ಬೇಕು. ಟಿಕೆಟ್ ತೆಗೆಯುವಾಗ ಮರೆತರೆ ಕೊನೇ ಗಳಿಗೆಯ ದರ ತೆರಬೇಕಾದೀತು.

ದರದಲ್ಲೊಂದು ಗುಟ್ಟಿದೆ. ಒಂದೇ ಸಾಲಿನ ಸೀಟುಗಳೂ ಬೇರೆ ಬೇರೆ ದರದ ಗುಂಪುಗಳಲ್ಲಿ ಮಾರಾಟವಾಗುತ್ತವೆ. ಅಗ್ಗದ ಗುಂಪಿನಲ್ಲಿ 3 ಸೀಟು ಉಳಿದಿದ್ದು ನೀನು 4 ಕೇಳಿದರೆ, ಸಾಮಾನ್ಯವಾಗಿ ನಾಲ್ಕಕ್ಕೂ ಮೇಲಿನ ಗುಂಪಿನ ದರ ತೋರಿಸುತ್ತದೆ. ಒಬ್ಬರಿಗೆಂದು ಹುಡುಕಿ ಹೋಲಿಸಿ ನೋಡು. ಆದರೆ ಅಗ್ಗವೆಂದು ಎರಡು ಬುಕಿಂಗ್ ಮಾಡಿದರೆ, ವಿಮಾನ ರದ್ದಾದ ದಿನ ಕಂಪ್ಯೂಟರಿಗೆ ನೀವು ಒಂದೇ ಸಂಸಾರ ಎಂದು ಗೊತ್ತಿರುವುದಿಲ್ಲ. ಇಬ್ಬರು ಇವತ್ತು, ಇಬ್ಬರು ನಾಳೆ. ಚಿಕ್ಕ ಮಕ್ಕಳಿದ್ದರೆ ನಾನಂತೂ ಹೆಚ್ಚು ಕೊಟ್ಟು ಒಂದರಲ್ಲೇ ಇಡು ಎನ್ನುತ್ತೇನೆ. ಬೇರೆ ಬೇರೆ ಕೊಂಡ ಎರಡು ಟಿಕೆಟ್ ಜೋಡಿಸಿದರೆ ಇನ್ನೂ ಕಷ್ಟ: ಬಹುಪಾಲು ನಡುವೆ ಬ್ಯಾಗ್ ಇಳಿಸಿಕೊಂಡು ಮತ್ತೆ ಒಪ್ಪಿಸಬೇಕು, ಅದಕ್ಕೆ ಆ ದೇಶದೊಳಗೆ ಕಾಲಿಡಲು ವೀಸಾ ಬೇಕಾಗಬಹುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ನಷ್ಟ ನಿನ್ನದೇ.

ಸೂಟ್‌ಕೇಸಿಗೆ ಚಕ್ರ ಬಂದದ್ದು 1970ರ ಸುಮಾರಿಗೆ. ಮನುಷ್ಯ ಚಂದ್ರನ ಮೇಲೆ ಇಳಿದಾದ ಮೇಲೆ ಎಂಬುದು ನನಗೆ ಇಂದಿಗೂ ತಮಾಷೆ. ಕೈಚೀಲದ ದ್ರವಕ್ಕೆ 100 ಮಿಲಿ ಮಿತಿ 2006ರದ್ದು. ಕೆಲವು ವಿಮಾನ ನಿಲ್ದಾಣಗಳು ಸಡಿಲಿಸಿವೆ, ಆದರೆ ಮರಳುವ ನಿಲ್ದಾಣದ್ದನ್ನೂ ನೋಡಿಕೋ. ಮಗುವಿನ ಹಾಲಿಗೆ ವಿನಾಯಿತಿ ಉಂಟು, ಬೇರೆಯಾಗಿ ತೆಗೆದು ತೋರಿಸು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಅದು ಹಿಡಿಯುವ ವಿದ್ಯುತ್ತು ಸಾಮಾನ್ಯವಾಗಿ 100 ವ್ಯಾಟ್-ಅವರ್ ಒಳಗೆ: ಅದರ ಮೇಲೆ ಬರೆದ 20,000 ಎಂಎಎಚ್ ಅನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74. ಗೇಟಿನಲ್ಲಿ ಕೈಚೀಲವನ್ನೇ ಕೆಳಗೆ ಹಾಕಲು ಕೇಳಿದರೆ ಮೊದಲು ಪವರ್ ಬ್ಯಾಂಕನ್ನು ಹೊರಗೆ ತೆಗಿ. ಒಬ್ಬೊಬ್ಬರ ಎರಡು ಜೊತೆ ಬಟ್ಟೆ ಇನ್ನೊಬ್ಬರ ಪೆಟ್ಟಿಗೆಯಲ್ಲಿರಲಿ. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣದಲ್ಲಿ ಬ್ಯಾಗ್ ಇಳಿಸಿಕೊಳ್ಳುವ ಸಭಾಂಗಣ ಬಿಡುವ ಮುಂಚೆಯೇ ವರದಿ ಬರೆಸು. ವಿಮಾನ ಪಯಣದ ನಷ್ಟಕ್ಕೆ ಪರಿಹಾರ ಹೇಳುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಒಡೆದಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ದೂರು ಲಿಖಿತವಾಗಿ ಹೋಗಬೇಕು.

ಟಿಕೆಟ್ ಹುಡುಕುವ ಮುಂಚೆ ನಾಲ್ವರ ಪಾಸ್‌ಪೋರ್ಟ್ ಮುಗಿಯುವ ತಾರೀಕು, ಮಕ್ಕಳ ಹುಟ್ಟಿದ ತಾರೀಕು ಒಂದು ಚೀಟಿಯಲ್ಲಿ ಬರೆದಿಟ್ಟುಕೋ. ದರದ ಮಾತು ಆಮೇಲೆ ಆಡೋಣ.

ನಿನ್ನ ಗೆಳೆಯ